ಮೈ ಒರೆಸೋದು ಕಲಿಯಲು ಕೆನಡಾಕ್ಕೆ ಬಂದೆ

ಕಾಲೇಜು ಸೇರಿದ ಹೊಸದರಲ್ಲಿ ಅಂಕೋಲೆಯಿಂದ ಅಮ್ಮ ಫೋನ್ ಮಾಡಿದಳು. "ಇವತ್ತು ಎಂತ ಕಲಿಸಿದ್ರು?"

"ಮಲಗಿದವರ ಮೈ ಒರೆಸೋದು" ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, "ಅದಕ್ಕೆ ಕೆನಡಾಕ್ಕೆ ಹೋಗ್ಬೇಕಿತ್ತಾ ಮಾರಾಯ್ತಿ? ಬಾಜು ಮನೆಯವರ ಹತ್ರ ಇಂಜೆಕ್ಷನ್ ಕೊಡೋದು ಕಲೀತಾಳೆ ಅಂತ ಹೇಳಿಬಿಟ್ಟಿದ್ದೇನೆ" ಅಂದಳು.

ಅಮ್ಮನದು ತಪ್ಪಿಲ್ಲ. ನಮ್ಮ ಕಡೆ ನರ್ಸಮ್ಮ ಬಿಪಿ ನೋಡಿ, ಡ್ರಿಪ್ ಹಾಕಿ ಮುಂದಿನ ಮಂಚಕ್ಕೆ ಹೋಗುತ್ತಾರೆ. ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಗಂಜಿ ಕುಡಿಸುವುದು ಎಲ್ಲ ಪೇಶಂಟ್ ಕಡೆಯವರ ಪಾಲು. ಒಬ್ಬರ ಕೈಗೆ ಇಡೀ ವಾರ್ಡು ಕೊಟ್ಟರೆ ಅವರಾದರೂ ಏನು ಮಾಡಬೇಕು, ಅಲ್ವಾ?

ನಾನು ಓದಿದ್ದು ಒಂಟಾರಿಯೊದಲ್ಲಿ, ಪ್ರಾಕ್ಟಿಕಲ್ ನರ್ಸಿಂಗ್ ಡಿಪ್ಲೊಮಾ. ಎರಡು ವರ್ಷ, ನಾಲ್ಕು ಸೆಮಿಸ್ಟರು. ಇಲ್ಲಿ ಇದನ್ನು ಮುಗಿಸಿ ಲೈಸೆನ್ಸ್ ತೆಗೆದುಕೊಂಡವರು ಆರ್‌ಪಿಎನ್, ಅಂದರೆ ರಿಜಿಸ್ಟರ್ಡ್ ಪ್ರಾಕ್ಟಿಕಲ್ ನರ್ಸ್. ಬೇರೆ ಪ್ರಾಂತ್ಯಗಳಲ್ಲಿ ಎಲ್‌ಪಿಎನ್, ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್. ಶುರುವಾಗಿದ್ದೇ ಬೇಸಿನ್ನು, ಟವೆಲಿನಿಂದ.

ಗೊಂಬೆಯ ಮೇಲೆ ಕಲಿಸುತ್ತಾರೆ ಅಂದುಕೊಂಡಿದ್ದೆ. ಮೊದಲ ದಿನ ನನ್ನನ್ನೇ ಮಲಗಿಸಿದರು. ಜೊತೆಯ ಹುಡುಗಿ ಏನೂ ಹೇಳದೆ ಒದ್ದೆ ಬಟ್ಟೆ ಮುಖಕ್ಕೆ ತಂದಳು. ಬೆಚ್ಚಿಬಿದ್ದೆ. ಟೀಚರ್‌ಗೆ ಬೇಕಾಗಿದ್ದೂ ಅದೇ. ಮುಟ್ಟುವ ಮೊದಲು ಹೇಳು, ಆಮೇಲೆ ಮುಟ್ಟು. ಮೊದಲು ಕಣ್ಣು, ಸೋಪು ಹಚ್ಚದೆ, ಮೂಗಿನ ಕಡೆಯಿಂದ ಹೊರಕ್ಕೆ. ಒಂದು ಕಣ್ಣಿಗೆ ಬಟ್ಟೆಯ ಒಂದು ಮೂಲೆ, ಇನ್ನೊಂದಕ್ಕೆ ಬೇರೆ ಮೂಲೆ. ಒಂದರ ಸೋಂಕು ಇನ್ನೊಂದಕ್ಕೆ ಹೋಗಬಾರದು. ಕೈ ಒರೆಸುವಾಗ ಕೈಯಷ್ಟೇ ತೆರೆದಿರಬೇಕು, ಉಳಿದ ಮೈಯೆಲ್ಲ ಹೊದಿಕೆಯ ಒಳಗೆ. ಚಳಿಯಾಗಬಾರದು ಅಂತ ಒಂದು ಕಾರಣ. ಮಾನ ಅಂತ ಇನ್ನೊಂದು. ಎಂಬತ್ತು ವರ್ಷದವರಿಗೂ ಮಾನ ಇರುತ್ತದೆ ಅನ್ನೋದು ನಮಗೆಲ್ಲ ಗೊತ್ತು, ಆದರೂ ಮನೆಯಲ್ಲಿ ಅಜ್ಜನ ಪಂಚೆ ಎಳೆಯುವಾಗ ಬಾಗಿಲು ಹಾಕಿದವರು ಯಾರು?

ಅಜ್ಜ ಅಂದರೆ ನಮ್ಮಜ್ಜ. ಲಕ್ವ ಹೊಡೆದಿತ್ತು. ನಮ್ಮ ಜಿಲ್ಲೆಯಲ್ಲಿ ತಲೆಗೋ ಹೃದಯಕ್ಕೋ ಏನಾದರೂ ಆದರೆ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿ ಅಂತ ಓಡುವುದು ನಿಮಗೆ ಹೊಸದಲ್ಲ. ನಾವೂ ಓಡಿದೆವು. ಜೀವ ಉಳಿಯಿತು. ಮನೆಗೆ ಕಳಿಸುವಾಗ ಹಾಳೆಯಲ್ಲಿ ಮಾತ್ರೆಗಳ ಹೆಸರಿತ್ತು, ಹೊರಳಿಸುವ ವಿಷಯ ಇರಲಿಲ್ಲ. ಕೆಲವೇ ವಾರಗಳಲ್ಲಿ ಸೊಂಟದ ಕೆಳಗೆ ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಆಯಿತು. ದಿನಾ ತೆಂಗಿನೆಣ್ಣೆ ಹಚ್ಚಿ ಗಸಗಸ ತಿಕ್ಕಿದೆವು.

ಎರಡನೇ ತಿಂಗಳ ಪಾಠದಲ್ಲಿ ಅದು ಬಂತು. ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿಹೋಗುತ್ತದೆ, ಅಲ್ಲಿಗೆ ರಕ್ತ ಹರಿಯುವುದಿಲ್ಲ, ಆ ಭಾಗ ಸಾಯುತ್ತದೆ. ಸುಮಾರು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಬೆರಳಿಂದ ಒತ್ತಿ ಬಿಟ್ಟರೂ ಕೆಂಪು ಮಾಯವಾಗದಿದ್ದರೆ ಅದು ಶುರು. ನಮ್ಮಂಥ ಕಪ್ಪು ಮೈಯಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಮತ್ತೆ, ಆ ಜಾಗವನ್ನು ತಿಕ್ಕಲೇಬಾರದು, ಒಳಗೆ ಇನ್ನಷ್ಟು ಪೆಟ್ಟಾಗುತ್ತದೆ. ನಾನು ಬರೆಯುವುದು ನಿಲ್ಲಿಸಿ ಸುಮ್ನೆ ಕೂತೆ.

ಇನ್ನು, ಬರಬೇಕು ಅಂತ ಇರುವವರಿಗೆ ಎರಡು ಮಾತು. ಊರಿನ ಏಜೆಂಟರು ಪಿಎಸ್‌ಡಬ್ಲ್ಯೂ ಕೋರ್ಸನ್ನೂ "ನರ್ಸಿಂಗ್" ಅಂತಲೇ ಮಾರುತ್ತಾರೆ. ಅದು ಆರೈಕೆ ಸಹಾಯಕರ ಸರ್ಟಿಫಿಕೇಟು. ಒಳ್ಳೆಯ ಕೆಲಸವೇ, ಆದರೆ ನರ್ಸ್ ಲೈಸೆನ್ಸ್ ಬರುವುದಿಲ್ಲ. ನೀವು ಸೇರುವ ಕೋರ್ಸಿಗೆ ಕಾಲೇಜ್ ಆಫ್ ನರ್ಸಸ್ ಆಫ್ ಒಂಟಾರಿಯೊದ ಒಪ್ಪಿಗೆ ಇದೆಯಾ ನೋಡಿಕೊಳ್ಳಿ. ಹೆಸರಲ್ಲಿ ಕಾಲೇಜು ಇದ್ದರೂ ಅಲ್ಲಿ ಪಾಠ ನಡೆಯುವುದಿಲ್ಲ, ಅದು ಲೈಸೆನ್ಸ್ ಕೊಡುವ ಸಂಸ್ಥೆ. ಕೊನೆಯ ಪರೀಕ್ಷೆ ರೆಕ್ಸ್-ಪಿಎನ್, ಇಲ್ಲಿ 2022ರಿಂದ ಬಂದಿದ್ದು. ಕಂಪ್ಯೂಟರಿನಲ್ಲಿ, ಹೆಚ್ಚೆಂದರೆ ನಾಲ್ಕು ತಾಸು. ನಿಮ್ಮ ಉತ್ತರ ನೋಡಿಕೊಂಡು ಅದು ಮುಂದಿನ ಪ್ರಶ್ನೆ ಕೊಡುತ್ತದೆ. 90ಕ್ಕೂ ನಿಲ್ಲಬಹುದು, 150ರವರೆಗೂ ಎಳೆಯಬಹುದು. ನನಗೆ ಜಾಸ್ತಿಯೇ ಎಳೆಯಿತು.

ಕಳೆದ ತಿಂಗಳು ಬಾಜು ಮನೆಯ ಅಜ್ಜಿ ಬಿದ್ದು ಹಾಸಿಗೆ ಹಿಡಿದರು. ಅಮ್ಮ ವಿಡಿಯೊ ಕಾಲ್ ಮಾಡಿ, ಫೋನನ್ನು ನೀರಿನ ತಂಬಿಗೆಗೆ ಒರಗಿಸಿಟ್ಟಳು. ಡಾಕ್ಟರು ಮಗ್ಗಲು ಬದಲಿಸಲು ಅಡ್ಡಿಲ್ಲ ಅಂದಿದ್ದಾರಾ ಅಂತ ಮೊದಲು ಕೇಳಿಕೊಂಡೆ. ಆಮೇಲೆ, ಬೆನ್ನ ಹಿಂದೆ ಒಂದು ದಿಂಬು, ಮಂಡಿಗಳ ಮಧ್ಯೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲಿನ ಕೆಳಗೆ ಮಡಚಿದ ಕಂಬಳಿ. ಎಳೆಯಬೇಡ, ಚರ್ಮ ಕಿತ್ತುಬರ್ತದೆ ಅಂದೆ. ಅಮ್ಮ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, "ಈಗ ಈ ಬದಿಗೆ ಹೊರಳಿಸ್ತೇವೆ, ಹೆದರ್ಬೇಡಿ" ಅಂದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮುಗಿದ ಮೇಲೆ ಫೋನ್ ಕೈಗೆತ್ತಿಕೊಂಡು ಕೇಳಿದಳು: "ನಾಳೆ ಅವರ ಸೊಸೆಗೂ ತೋರಿಸ್ಬೇಕು. ನಿನ್ನ ಡ್ಯೂಟಿ ಎಷ್ಟೊತ್ತಿಗೆ ಮುಗೀತದೆ?"