ಔಷಧ ಅಂಗಡಿಯ ಕೌಂಟರಿನಲ್ಲಿ ಪ್ಯಾಕ್ ಇಯರ್ ಲೆಕ್ಕ

ಮೊದಲ ವಾರ

ಕೆಂಟಕಿಯ ಸಣ್ಣ ಊರೊಂದರಲ್ಲಿ ನಾನು ಫಾರ್ಮಸಿಸ್ಟ್. ಬೆಳೆದದ್ದು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್‌ಗಳ (ಸೊಪ್ಪು ಹದಮಾಡುವ ಮನೆಗಳ) ನಡುವೆ. ಅಲ್ಲಿ ಸೌದೆ ಉರಿಸಿ ಸೊಪ್ಪು ಬೇಯಿಸುತ್ತಾರೆ. ಇಲ್ಲಿ ಬರ್ಲಿ ತಳಿಯ ಹೊಗೆಸೊಪ್ಪನ್ನು ಕಪ್ಪು ಬಣ್ಣದ ಮರದ ಕೊಟ್ಟಿಗೆಗಳಲ್ಲಿ ನೇತುಹಾಕಿ ಗಾಳಿಗೆ ಒಣಗಿಸುತ್ತಾರೆ. ಘಾಟು ಬೇರೆ, ಕೆಮ್ಮು ಒಂದೇ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅತಿ ಹೆಚ್ಚು ಕಾಣುವ ರಾಜ್ಯಗಳಲ್ಲಿ ಇದೂ ಒಂದು.

ಯೋಜನೆ ಸರಳ. ವೈದ್ಯರನ್ನು ವರ್ಷಕ್ಕೊಮ್ಮೆ ಕಾಣುವವರು ನನ್ನ ಕೌಂಟರಿಗೆ ತಿಂಗಳಿಗೊಮ್ಮೆ ಬರುತ್ತಾರೆ. ಅವರಲ್ಲಿ ಈ ಕ್ಯಾನ್ಸರನ್ನು ಬೇಗ ಪತ್ತೆಹಚ್ಚುವ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್‌ಗೆ ಅರ್ಹರು ಯಾರೆಂದು ಕೇಳಿ, ಲೆಕ್ಕ ಹಾಕಿ, ಅವರ ವೈದ್ಯರಿಗೆ ಚೀಟಿ ಕಳುಹಿಸುವುದು. ಸ್ಕ್ಯಾನ್ ಬರೆದುಕೊಡುವ ಅಧಿಕಾರ ನನಗಿಲ್ಲ. ಯಾರಿಗೆ ಯಾವ ತಪಾಸಣೆ ಬೇಕೆಂದು ಶಿಫಾರಸು ಮಾಡುವ ಅಮೆರಿಕದ ತಜ್ಞರ ಮಂಡಳಿ, ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್, 2021ರಲ್ಲಿ ಹೇಳಿದ ಮಾನದಂಡ ಹೀಗಿದೆ: ವಯಸ್ಸು 50ರಿಂದ 80, ಕನಿಷ್ಠ 20 ಪ್ಯಾಕ್ ಇಯರ್ (ದಿನಕ್ಕೆ ಸೇದಿದ ಪ್ಯಾಕನ್ನು ಸೇದಿದ ವರ್ಷಗಳಿಂದ ಗುಣಿಸಿದ್ದು; ಪ್ಯಾಕಿಗೆ 20 ಸಿಗರೇಟು), ಈಗಲೂ ಸೇದುತ್ತಿರಬೇಕು ಅಥವಾ ಬಿಟ್ಟು 15 ವರ್ಷ ದಾಟಿರಬಾರದು. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಮಾತ್ರ 77ಕ್ಕೇ ನಿಲ್ಲುತ್ತದೆ.

ಕೌಂಟರಿನ ಮೇಲೆ ‘ನೀವು ಧೂಮಪಾನಿಗಳೇ? ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಿ’ ಎಂಬ ಕಾರ್ಡ್ ಇಟ್ಟೆ. ಒಂದೂ ಖರ್ಚಾಗಲಿಲ್ಲ. ಹಿಂದೆ ಸಾಲು ನಿಂತಿರುವಾಗ, ಅದರಲ್ಲೂ ಪಕ್ಕದ ಮನೆಯವರೇ ನಿಂತಿರುವಾಗ, ಆ ಕಾರ್ಡಿಗೆ ಕೈ ಚಾಚುವವರು ಯಾರು?

ಮೂರನೆಯ ವಾರ

ಜಾಗ ಬದಲಿಸಿದೆ. ಫ್ಲೂ ಲಸಿಕೆ ಹಾಕಿಸಿಕೊಂಡವರು ಹದಿನೈದು ನಿಮಿಷ ಕುರ್ಚಿಯಲ್ಲಿ ಕೂರಬೇಕು. ಬಾಗಿಲು ಮುಚ್ಚಿರುತ್ತದೆ, ಮಾತಿಗೆ ಪುರುಸೊತ್ತಿರುತ್ತದೆ. ಪ್ರಶ್ನೆಯನ್ನೂ ಬದಲಿಸಿದೆ. ‘ಸೇದುತ್ತೀರಾ?’ ಎಂದರೆ ಅರ್ಧ ಜನ ಪೊಲೀಸರ ಮುಂದೆ ಕೂತಂತೆ ಮುದುಡುತ್ತಾರೆ. ‘ಮೊದಲ ಸಿಗರೇಟು ಯಾವ ವಯಸ್ಸಿನಲ್ಲಿ?’ ಎಂದರೆ ಕಥೆ ಶುರುವಾಗುತ್ತದೆ.

ಹಾಗೆ ಶುರುವಾದ ಒಂದು ಕಥೆ. ವಯಸ್ಸು 61. ‘ನಾನೇನು ಭಾರಿ ಸೇದುವವನಲ್ಲ, ದಿನಕ್ಕೆ ಐದು’ ಎಂದರು. ಹದಿನೇಳನೆಯ ವಯಸ್ಸಿನಿಂದ ಕೇಳುತ್ತಾ ಬಂದೆ. ಕಲ್ಲಿದ್ದಲು ಗಣಿಯಲ್ಲಿದ್ದ 12 ವರ್ಷ ದಿನಕ್ಕೆ ಒಂದೂವರೆ ಪ್ಯಾಕ್: 18. ಲಾರಿ ಓಡಿಸಿದ 20 ವರ್ಷ ಅರ್ಧ ಪ್ಯಾಕ್: 10. ಈಚಿನ 12 ವರ್ಷ ಕಾಲು ಪ್ಯಾಕ್: 3. ಔಷಧದ ಚೀಲದ ಹಿಂಬದಿಯಲ್ಲಿ ಬರೆದು ಕೂಡಿಸಿದ 31ನ್ನು ಅವರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಕೂಡಿಸಿದರು. ಇವತ್ತಿನ ಐದನ್ನಷ್ಟೇ ಬರೆದುಕೊಂಡಿದ್ದರೆ ಈ ಮನುಷ್ಯ ಜರಡಿಯಿಂದ ಜಾರಿಹೋಗುತ್ತಿದ್ದರು. (ಊರಿನಲ್ಲಿ ನಮ್ಮಜ್ಜ ಸೇದುತ್ತಿದ್ದ ಬೀಡಿಕಟ್ಟನ್ನು ಈ ಲೆಕ್ಕಕ್ಕೆ ತರುವುದು ಹೇಗೆ ಎಂದು ರಾತ್ರಿ ತಲೆ ಕೆಡಿಸಿಕೊಂಡೆ. ಬಗೆಹರಿಯಲಿಲ್ಲ.)

ಐದನೆಯ ವಾರ

ಕೊಟ್ಟ ಚೀಟಿ ಒಂಬತ್ತು, ಆದ ಸ್ಕ್ಯಾನ್ ಸೊನ್ನೆ. ಒಂದು ಕ್ಲಿನಿಕ್‌ಗೆ ನಾನು ಫ್ಯಾಕ್ಸ್ ಮಾಡಿದ ಮೂರು ಚೀಟಿಗಳು ಯಾವುದೋ ಟ್ರೇಯಲ್ಲಿ ಮಲಗಿದ್ದವು. ಫೋನ್ ಮಾಡಿದ ಮೇಲೆ ತಿಳಿಯಿತು, ಪ್ಯಾಕ್ ಇಯರ್ ಎಷ್ಟು, ಬಿಟ್ಟು ಎಷ್ಟು ವರ್ಷ, ಲಕ್ಷಣವಿಲ್ಲ ಎಂಬ ಮಾತು, ಈ ಮೂರೂ ಮೇಲೆಯೇ ಕಾಣಬೇಕು. ನಾನು ಸೌಜನ್ಯದ ಒಂದು ಪ್ಯಾರಾ ಬರೆದು ಸಂಖ್ಯೆಯನ್ನು ಕೊನೆಗೆ ಹಾಕಿದ್ದೆ. ಈಗ ಸಂಖ್ಯೆ ಮೊದಲು, ಸೌಜನ್ಯ ಫೋನಿನಲ್ಲಿ. ಅಂದಹಾಗೆ, ಕಫದಲ್ಲಿ ರಕ್ತ ಕಂಡವರಿಗೆ ಈ ಚೀಟಿ ಅಲ್ಲವೇ ಅಲ್ಲ. ಅವರನ್ನು ಅದೇ ದಿನ ವೈದ್ಯರ ಬಳಿ ಕಳುಹಿಸಬೇಕು.

ಜನ ಕೇಳುವುದೂ ನ್ಯಾಯವೇ: ಏನೂ ಇಲ್ಲದ ಕಡೆ ಏನೋ ಕಂಡರೆ? ಮುಚ್ಚಿಡುವುದಿಲ್ಲ. 53 ಸಾವಿರಕ್ಕೂ ಹೆಚ್ಚು ಜನರಿದ್ದ, 2011ರಲ್ಲಿ ಫಲಿತಾಂಶ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಸಿ.ಟಿ. ಗುಂಪಿನವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು, ಎದೆಯ ಎಕ್ಸ್‌ರೇ ಗುಂಪಿಗಿಂತ ಶೇ 20ರಷ್ಟು ಕಡಿಮೆಯಿತ್ತು. ಆದರೆ ಸುಮಾರು ಕಾಲು ಭಾಗ ಸ್ಕ್ಯಾನ್‌ಗಳಲ್ಲಿ ಅನುಮಾನ ಮೂಡಿತ್ತು, ಆ ಅನುಮಾನಗಳಲ್ಲಿ ನೂರಕ್ಕೆ 96 ಸುಳ್ಳಾದವು. ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ಕೇಳಿದ ಮೇಲೆ ಇಬ್ಬರು ಬೇಡ ಎಂದರು. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ, ಸೋಲೆಂದು ಅಲ್ಲ.

ಏಳನೆಯ ವಾರ

ಕೆಟ್ಟ ದಿನ. ಮೂವತ್ತು ವರ್ಷ ದಿನಕ್ಕೊಂದು ಪ್ಯಾಕ್ ಸೇದಿ, ಮೊಮ್ಮಗ ಹುಟ್ಟಿದ ದಿನ ಬಿಟ್ಟ ಮಹಿಳೆ. ಮೊಮ್ಮಗನಿಗೆ ಈಗ ಹದಿನಾರು. ಅಂದರೆ ನಿಯಮದಿಂದ ಒಂದು ವರ್ಷ ಆಚೆ. ‘ಹಾಗಾದರೆ ಬೇಗ ಬಿಟ್ಟದ್ದೇ ನನ್ನ ತಪ್ಪೋ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2023ರಲ್ಲಿ ಈ 15 ವರ್ಷದ ಗೆರೆಯನ್ನು ಅಳಿಸಿಹಾಕಿತು. ಆದರೆ ಅವರ ವಿಮೆ ಹಳೆಯ ಗೆರೆಯನ್ನೇ ಹಿಡಿದುಕೊಂಡಿದೆ. ವೈದ್ಯರಿಗೆ ಪತ್ರ ಬರೆದಿದ್ದೇನೆ. ಹಣ ಯಾರು ಕೊಡುತ್ತಾರೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಎಂಟನೆಯ ವಾರ

ಚೀಟಿ ಹದಿನಾಲ್ಕು, ಸ್ಕ್ಯಾನ್ ನಾಲ್ಕು. ಇನ್ನು ಮುಂದೆ ಎರಡನೆಯ ಸಂಖ್ಯೆಯನ್ನಷ್ಟೇ ಗೋಡೆಯ ಮೇಲೆ ಬರೆಯುತ್ತೇನೆ.

31 ಪ್ಯಾಕ್ ಇಯರ್‌ನ ಆ ಮನುಷ್ಯ ರಕ್ತದೊತ್ತಡದ ಮಾತ್ರೆಗೆ ಬಂದರು. ‘ಸೂಜಿಯಿಲ್ಲ, ಏನಿಲ್ಲ. ಕೈ ಮೇಲೆತ್ತಿ ಉಸಿರು ಹಿಡಿ ಎಂದರು, ಬಿಡುವಷ್ಟರಲ್ಲಿ ಮುಗಿದಿತ್ತು’ ಎಂದು ಪತ್ರ ಚಾಚಿದರು. ಸ್ಕ್ಯಾನ್‌ನಲ್ಲಿ ಕಂಡದ್ದಕ್ಕೆ ಕೊಡುವ ದರ್ಜೆ, ಲಂಗ್-ರಾಡ್ಸ್ 2: ಸಣ್ಣ ಗಂಟು, ನಿರಪಾಯದ ಲಕ್ಷಣ, ಹನ್ನೆರಡು ತಿಂಗಳ ನಂತರ ಮತ್ತೆ ಸ್ಕ್ಯಾನ್. ಮಾತ್ರೆಗಳಿಗೆ ಮಾಡುವಂತೆಯೇ ಇದಕ್ಕೂ ತಂತ್ರಾಂಶದಲ್ಲಿ ರೀಫಿಲ್ ನೆನಪೋಲೆ ಹಾಕಲು ಕೂತೆ. ಔಷಧದ ಹೆಸರು ತುಂಬದೆ ಅದು ಮುಂದೆ ಹೋಗಲೊಲ್ಲದು. ‘ಉಸಿರು ಹಿಡಿಯುವುದು’ ಎಂದು ಹಾಕಿದೆ. ಪ್ರಮಾಣ: ವರ್ಷಕ್ಕೊಮ್ಮೆ.