ಎಎಂನಲ್ಲಿ ಬರೀ ಗೊರಗೊರ, ಭದ್ರಾವತಿ ಹಿಡಿಯೋದು ಹೇಗೆ?

“ರೇಡಿಯೋದಲ್ಲಿ ಎಎಂ ಹಾಕಿದರೆ ಗೊರಗೊರ ಬಿಟ್ಟು ಏನೂ ಕೇಳಲ್ಲ. ಕನ್ನಡದ ಮಾತುಕತೆ, ಕೃಷಿ ಕಾರ್ಯಕ್ರಮ ಎಲ್ಲ ಈಗಲೂ ಬರುತ್ತಾ?” ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು. ಬರುತ್ತದೆ. ಆ ಗೊರಗೊರದ ಹೆಚ್ಚಿನ ಪಾಲು ಹುಟ್ಟುವುದು ನಿಮ್ಮ ಮನೆಯೊಳಗೇ.

ಮುಳ್ಳು ಎಲ್ಲಿ ನಿಲ್ಲಬೇಕು ಅನ್ನುವುದು ಮೊದಲು. ಆಕಾಶವಾಣಿ ಭದ್ರಾವತಿ 675 ಕಿಲೋಹರ್ಟ್ಸ್, ಧಾರವಾಡ 765, ಬೆಂಗಳೂರು 612. ಖಾಸಗಿ ಎಫ್‌ಎಂಗಳಿಗೆ ಸ್ವಂತ ವಾರ್ತೆ ಓದುವ ಅನುಮತಿಯೇ ಇಲ್ಲ, ಹಾಗಾಗಿ ವಾರ್ತೆ, ಚಿಂತನ, ಸಂದರ್ಶನ, ರೈತರ ಮಾತು ಬೇಕೆಂದರೆ ಆಕಾಶವಾಣಿಯೇ ಗತಿ. ಬೆಳಿಗ್ಗೆ ಮತ್ತು ಸಂಜೆ ಹುಡುಕಿ. ಪ್ರಸಾರ ದಿನವಿಡೀ ಇರುವುದಿಲ್ಲ, ನಡುವೆ ಬಿಡುವಿರುತ್ತದೆ. ಆ ಹೊತ್ತಿನಲ್ಲಿ ಮುಳ್ಳು ತಿರುಗಿಸಿ ಸೆಟ್ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವವರಿದ್ದಾರೆ. ಭದ್ರಾವತಿಗೆ 103.5ರಲ್ಲಿ ಎಫ್‌ಎಂ ಕೂಡ ಇದೆ. ನಿಮ್ಮಲ್ಲಿ ಅದು ಸ್ವಚ್ಛವಾಗಿ ಕೇಳಿದರೆ ಎಎಂಗೆ ಒದ್ದಾಡುವ ಅಗತ್ಯವೇ ಇಲ್ಲ. ಗುಡ್ಡದ ಮರೆಯಲ್ಲಿರುವವರ ಪಾಡು ಬೇರೆ. ಎಫ್‌ಎಂ ಅಲೆಗೆ ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. 675ರ ಅಲೆ ಸುಮಾರು 444 ಮೀಟರ್ ಉದ್ದದ್ದು, ನೆಲ ಹಿಡಿದು ಗುಡ್ಡ ಬಳಸಿಕೊಂಡು ಕಣಿವೆಗೂ ಇಳಿಯುತ್ತದೆ.

ಡಿಜಿಟಲ್ ಸೆಟ್ ಆಗಿದ್ದರೆ ಅದು 9 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಓಡುತ್ತದೆಯೇ ನೋಡಿ. ಅಮೆರಿಕದ ಲೆಕ್ಕದ 10ರ ಹೆಜ್ಜೆಯಲ್ಲಿದ್ದರೆ 670 ಬಿಟ್ಟು 680ಕ್ಕೆ ಹಾರುತ್ತದೆ, ಭದ್ರಾವತಿ ಮಾತು ಒಡೆದು ಕೇಳುತ್ತದೆ. ಬಹಳ ಸೆಟ್‌ಗಳಲ್ಲಿ ಇದನ್ನು ಬದಲಿಸಬಹುದು. ಬೆಂಗಳೂರು, ಧಾರವಾಡಗಳ ಪಕ್ಕದಲ್ಲೇ ಕೆಲವೊಮ್ಮೆ ಏಕಸಮ ಭೋರ್ಗರೆತ ಕೇಳಿದರೆ ಅದು ದೋಷವಲ್ಲ, ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರ. ಸಾಮಾನ್ಯ ರೇಡಿಯೋಗೆ ಅದು ಅರ್ಥವಾಗುವುದಿಲ್ಲ.

ಇನ್ನು ಆಂಟೆನಾ. ಮೇಲೆ ಎಳೆಯುವ ಕಡ್ಡಿ ಎಎಂಗೆ ಉಪಯೋಗವಿಲ್ಲ. ಎಎಂ ಹಿಡಿಯುವುದು ಸೆಟ್‌ನೊಳಗೆ ಅಡ್ಡಲಾಗಿ ಮಲಗಿರುವ ಕಪ್ಪು ಫೆರೈಟ್ ಸರಳು, ಅದಕ್ಕೆ ದಿಕ್ಕು ಮುಖ್ಯ. ಸರಳಿನ ತುದಿ ನಿಲ್ದಾಣದ ಕಡೆಗಿದ್ದರೆ ದನಿ ಸಾಯುತ್ತದೆ, ಮಗ್ಗುಲು ತೋರಿಸಿದರೆ ಏಳುತ್ತದೆ. ತೀರ್ಥಹಳ್ಳಿಗೆ ಭದ್ರಾವತಿ ಪೂರ್ವಕ್ಕಿದೆ, ಆದ್ದರಿಂದ ಸರಳು ಉತ್ತರ-ದಕ್ಷಿಣ ಮಲಗಬೇಕು. ಸಾಗರದಲ್ಲಿ ಧಾರವಾಡ ಬೇಕೆಂದರೆ ಅದು ನೇರ ಉತ್ತರ, ಸರಳು ಪೂರ್ವ-ಪಶ್ಚಿಮ. ಹೊಸ ಸೆಟ್ ಕೊಳ್ಳುವಾಗ ಒಳಗಿನ ಸರಳು ಎಷ್ಟು ಉದ್ದ ಎಂದು ವಿಚಾರಿಸಿ. ಬೆರಳುದ್ದದ ಸರಳಿನ ಅಂಗೈಯಗಲದ ಸೆಟ್ ಮಲೆನಾಡಿಗೆ ಆಗಿಬರುವುದಿಲ್ಲ. ಹೆಂಚಿನ ಮನೆಯಲ್ಲಿ ಎಲ್ಲಿಟ್ಟರೂ ನಡೆಯುತ್ತದೆ. ಆರ್‌ಸಿಸಿ, ತಗಡಿನ ಮಾಡು ಇದ್ದರೆ ಕಿಟಕಿಗೆ ತನ್ನಿ.

ಈಗ ಗದ್ದಲದ ಮೂಲ. ಸೆಟ್‌ಗೆ ಸೆಲ್ ಹಾಕಿ, 675ರಲ್ಲಿ ನಿಲ್ಲಿಸಿ, ಮನೆಯ ಮೇನ್ ಸ್ವಿಚ್ ಆರಿಸಿ, ಯುಪಿಎಸ್ಸನ್ನೂ ಆರಿಸಿ. ಗದ್ದಲ ನಿಂತರೆ ಕಳ್ಳ ಒಳಗಿದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತ ಬನ್ನಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್, ಸೋಲಾರ್ ಕಂಟ್ರೋಲರ್. ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತವೆ, ಆ ಕಡಿತವೇ ಎಎಂನಲ್ಲಿ ಗೊರಗೊರ. ಬಲ್ಬು ಬದಲಿಸಿ, ಚಾರ್ಜರ್ ಕಿತ್ತಿಡಿ, ಅದೂ ಸಾಲದಿದ್ದರೆ ಸೆಟ್ಟನ್ನು ವೈರಿಂಗಿನಿಂದ ಎರಡು ಮೂರು ಮೀಟರ್ ದೂರಕ್ಕೆ ಸರಿಸಿ.

ಸೆಕೆಂಡಿಗೊಮ್ಮೆ ಗಡಿಯಾರದಂತೆ ಟಕ್, ಟಕ್ ಎಂದರೆ ಅದು ತೋಟದ ಐಬೆಕ್ಸ್ ಬೇಲಿ, ಅಂದರೆ ಕರೆಂಟ್ ಹಾಯಿಸಿದ ತಂತಿ ಬೇಲಿ. ಬೇಲಿ ಚೆನ್ನಾಗಿದ್ದರೆ ಟಕ್ ಸಣ್ಣದು. ತಂತಿಗೆ ಬಳ್ಳಿ ತಾಗಿದ್ದರೆ, ಇನ್ಸುಲೇಟರ್ ಬಿರುಕು ಬಿಟ್ಟಿದ್ದರೆ, ಜೋಡಣೆ ಸಡಿಲಾಗಿದ್ದರೆ ಅಲ್ಲಿ ಕಿಡಿ ಹಾರಿ ಜೋರಾಗುತ್ತದೆ. ಮಷಿನ್ ಆರಿಸಿ ಬೇಲಿಗುಂಟ ನಡೆದು ಹಸಿರು ಸವರಿ. ರೇಡಿಯೋಗೂ ಒಳ್ಳೆಯದು, ಹಂದಿಗೆ ಹೊಡೆತವೂ ಸರಿಯಾಗಿ ಬೀಳುತ್ತದೆ. ಏಪ್ರಿಲ್-ಮೇ ಸಂಜೆಯ ಚಟಚಟ ಸಿಡಿಲಿನದು, ಅದಕ್ಕೆ ಮದ್ದಿಲ್ಲ.

ಸಂಜೆ ಕತ್ತಲಾದ ಮೇಲೆ ದೂರದ ನಿಲ್ದಾಣಗಳು ಬಂದು ಹತ್ತಿರದವನ್ನು ಮೆಟ್ಟುತ್ತವೆ. ಹಗಲು ಅಲೆಗಳನ್ನು ನುಂಗುವ ಮೇಲಿನ ಗಾಳಿಯ ಪದರ ಸೂರ್ಯ ಮುಳುಗಿದಾಗ ಕರಗುವುದೇ ಕಾರಣ. ಹಾಗಾಗಿ ಭದ್ರಾವತಿಯ ಮಾತಿಗೆ ಬೆಳಗಿನ ಹೊತ್ತೇ ಉತ್ತಮ.

ಇಷ್ಟಾದರೂ ದನಿ ಕ್ಷೀಣವಾಗಿದ್ದರೆ ಲೂಪ್ ಆಂಟೆನಾ ಕಟ್ಟಿ. 60 ಸೆಂಟಿಮೀಟರ್ ಬದಿಯ ಮರದ ಚೌಕಟ್ಟು, ಅದರ ಮೇಲೆ ಆರು ಮಿಲಿಮೀಟರ್ ಅಂತರದಲ್ಲಿ 14 ಸುತ್ತು ಪ್ಲಾಸ್ಟಿಕ್ ಹೊದಿಕೆಯ ತಂತಿ, ಒಟ್ಟು 35 ಮೀಟರ್ ಬೇಕು. ತಂತಿಯ ಎರಡು ತುದಿಗಳ ನಡುವೆ ಹಾಳಾದ ಹಳೆ ರೇಡಿಯೋದ ಗ್ಯಾಂಗ್ ಕಂಡೆನ್ಸರ್ (ನಿಲ್ದಾಣ ಹಿಡಿಯಲು ತಿರುಗಿಸುವ ಭಾಗ, 365 ಪಿಕೋಫ್ಯಾರಡ್‌ನಷ್ಟು) ಬೆಸೆಯಿರಿ. ರೇಡಿಯೋಗೆ ತಂತಿ ಜೋಡಿಸುವುದು ಬೇಡ, ಪಕ್ಕದಲ್ಲಿಟ್ಟರೆ ಸಾಕು. ಚೌಕಟ್ಟಿನ ಅಂಚು ಭದ್ರಾವತಿ ಕಡೆಗೆ, ರೇಡಿಯೋದ ಸರಳು ಚೌಕಟ್ಟಿಗೆ ಲಂಬವಾಗಿ. ಸೆಟ್ಟನ್ನು 675ರಲ್ಲಿ ನಿಲ್ಲಿಸಿ ಗ್ಯಾಂಗ್ ನಿಧಾನ ತಿರುಗಿಸಿ. ಸರಿಯಾದ ಜಾಗದಲ್ಲಿ ದನಿ ಥಟ್ಟನೆ ಏರುತ್ತದೆ, ಕೂದಲೆಳೆ ದಾಟಿದರೆ ಇಳಿಯುತ್ತದೆ. ಗ್ಯಾಂಗ್ ಪೂರ್ತಿ ಮುಚ್ಚಿದರೂ ಏರದಿದ್ದರೆ ಕಂಡೆನ್ಸರ್ ಚಿಕ್ಕದು, ಅದರ ಎರಡೂ ಭಾಗಗಳನ್ನು ಸಮಾಂತರ ಜೋಡಿಸಿ ಅಥವಾ ಎರಡು ಸುತ್ತು ಹೆಚ್ಚಿಸಿ. ಪೂರ್ತಿ ತೆರೆದ ತುದಿಯಲ್ಲಷ್ಟೇ ಏರುತ್ತಿದ್ದರೆ ಸುತ್ತು ಜಾಸ್ತಿಯಾಗಿದೆ, ಒಂದೆರಡು ಬಿಚ್ಚಿ.