ವೀಸಾ ಕೊಡುವ ಕೋರ್ಟ್ ಅಲ್ಲ ಅದು

ತೀರ್ಥಹಳ್ಳಿ, 14 ಜುಲೈ 2025, ಸೋಮವಾರ

ಆಸ್ಟ್ರೇಲಿಯಾದಲ್ಲಿ ಆಶ್ರಯ ಕೇಳಿದ ನಮ್ಮ ಕಕ್ಷಿದಾರರ ಕೇಸಿನ ವಾದ ಇವತ್ತು ಅಲ್ಲಿನ ಕೋರ್ಟಿನಲ್ಲಿ ಮುಗಿಯಿತು. ನಾನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಕೇಳಿದೆ. ಜಡ್ಜ್ ತೀರ್ಪು ಕಾಯ್ದಿರಿಸಿದ್ದಾರೆ. ಮೆಲ್ಬೋರ್ನ್‌ನಲ್ಲಿ ಹತ್ತು ಗಂಟೆ ಅಂದರೆ ನಮಗೆ ಬೆಳಿಗ್ಗೆ ಐದೂವರೆ. ಪುನರ್ವಸು ಮಳೆಗೆ ರಾತ್ರಿಯೇ ಕರೆಂಟ್ ಹೋಗಿತ್ತು. ಯುಪಿಎಸ್ ಕೈಕೊಡಲಿಲ್ಲ, ಪುಣ್ಯ.

ಅಲ್ಲಿನ ವಕೀಲರೊಬ್ಬರಿಗೆ ನಾನು ಮನೆಯಿಂದಲೇ ಕಡತ ಜೋಡಿಸಿಕೊಡುವುದು ಇಲ್ಲಿ ಓದುವವರಿಗೆ ಗೊತ್ತು. ಕಕ್ಷಿದಾರರ ಹೆಸರು, ದೇಶ ಬರೆಯುವುದಿಲ್ಲ. ಆಶ್ರಯ ಕೇಳಿದವರ ಹೆಸರನ್ನು ಕೋರ್ಟ್ ಪ್ರಕಟಿಸಬಾರದು ಅಂತ ಆಸ್ಟ್ರೇಲಿಯಾದ ಕಾನೂನೇ ಹೇಳುತ್ತದೆ. ತೀರ್ಪಿನಲ್ಲಿ ಹೆಸರಿನ ಜಾಗದಲ್ಲಿ ಕೆಲವು ಅಕ್ಷರ, ಅಂಕಿ ಇರುತ್ತವೆ, ಅಷ್ಟೇ.

ದೊಡ್ಡಪ್ಪ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಾಫಿ ಹಿಡಿದು ಪಕ್ಕದಲ್ಲಿ ಬಂದು ಕೂತರು. "ಗೆದ್ರೆ ವೀಸಾ ಸಿಗ್ತದಲ್ಲ ಮಾರಾಯ್ತಿ?"

ಸಿಗುವುದಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಪ್ರೊಟೆಕ್ಷನ್ ವೀಸಾ ಅಂದರೆ ತಮ್ಮ ದೇಶಕ್ಕೆ ವಾಪಸ್ ಹೋಗಲು ಭಯ ಇರುವವರು ಆಶ್ರಯಕ್ಕೆ ಕೇಳುವ ವೀಸಾ. ಆ ಅರ್ಜಿಯನ್ನು ಅಲ್ಲಿನ ಸರ್ಕಾರದ ಇಲಾಖೆ ತಿರಸ್ಕರಿಸಿದರೆ ಮೊದಲು ಟ್ರಿಬ್ಯೂನಲ್, ಅಂದರೆ ಇಲಾಖೆಯ ತೀರ್ಮಾನವನ್ನು ಮತ್ತೆ ಪರಿಶೀಲಿಸುವ ಮಂಡಳಿ. ಅಲ್ಲೂ ಆಗದಿದ್ದರೆ ಫೆಡರಲ್ ಸರ್ಕ್ಯೂಟ್ ಅಂಡ್ ಫ್ಯಾಮಿಲಿ ಕೋರ್ಟ್, ಅದೂ ಆದೇಶವಾದ 35 ದಿನದೊಳಗೆ. ತಡವಾದರೆ ಕಾರಣ ಬರೆದು ಅವಧಿ ವಿಸ್ತರಿಸಿ ಅಂತ ಕೇಳಿಕೊಳ್ಳಬೇಕು. ಭಯ ನಿಜವೋ ಸುಳ್ಳೋ ಅಂತ ಕೋರ್ಟ್ ತೀರ್ಮಾನ ಮಾಡುವುದಿಲ್ಲ. ಟ್ರಿಬ್ಯೂನಲ್ ಕಾನೂನಿನ ಪ್ರಕಾರ ನಡೆದುಕೊಂಡಿದೆಯಾ ಅಂತ ಮಾತ್ರ ನೋಡುತ್ತದೆ. ತಪ್ಪು ನಡೆದಿರಬೇಕು, ಆ ತಪ್ಪು ಆಗದಿದ್ದರೆ ಫಲಿತಾಂಶ ಬೇರೆಯಾಗುವ ಸಾಧ್ಯತೆ ಇತ್ತು ಅಂತಲೂ ತೋರಿಸಬೇಕು. ಆಗ ಆದೇಶ ರದ್ದಾಗಿ ಕೇಸು ಟ್ರಿಬ್ಯೂನಲ್‌ಗೆ ವಾಪಸ್.

"ಓ, ನಮ್ಮ ಹೈಕೋರ್ಟ್ ರಿಟ್ ಇದ್ದ ಹಂಗೆ. ರಿಮ್ಯಾಂಡ್," ಅಂದರು ದೊಡ್ಡಪ್ಪ. ಹೆಚ್ಚುಕಡಿಮೆ ಅದೇ. ಕೋರ್ಟಿಗೆ ಹೋಗುವ ಈ ಬಾಗಿಲು ಮುಚ್ಚಲು ಅಲ್ಲಿನ ಸಂಸತ್ತು 2001ರಲ್ಲಿ ವಲಸೆ ಕಾಯಿದೆಗೆ ಒಂದು ಕಲಂ ಸೇರಿಸಿತ್ತು. ಅಧಿಕಾರ ಮೀರಿ ಮಾಡಿದ ಆದೇಶಕ್ಕೆ ಆ ಕಲಂ ರಕ್ಷಣೆ ಕೊಡುವುದಿಲ್ಲ ಅಂತ 2003ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಅವರಿಗೆ ಅದೇ ಸುಪ್ರೀಂ ಕೋರ್ಟ್. ಆ ತೀರ್ಪು ಇರದಿದ್ದರೆ ನಮ್ಮವರಂಥವರ ಗತಿ ಏನು ಅಂತ ಯೋಚಿಸಿದರೆ ಹೆದರಿಕೆಯಾಗುತ್ತದೆ.

ನಮ್ಮ ಕಕ್ಷಿದಾರರು ಹೇಳಿಕೊಂಡಿದ್ದು ಎರಡು ಭಯ. ಒಂದು ರಾಜಕೀಯದ್ದು. ಇನ್ನೊಂದು, ಬೇರೆ ಧರ್ಮದ ಹುಡುಗಿಯನ್ನು ಮದುವೆಯಾಗಿದ್ದಕ್ಕೆ ಅವಳ ಮನೆಯವರ ಕೊಲೆ ಬೆದರಿಕೆ. ವಿಚಾರಣೆಯ ಆಡಿಯೋ ನನ್ನ ಹತ್ತಿರ ಇದೆ. ಮದುವೆ ವಿಷಯ ಶುರು ಮಾಡುತ್ತಿದ್ದಂತೆ ಟ್ರಿಬ್ಯೂನಲ್ ಸದಸ್ಯರು "ಅದಕ್ಕೆ ಆಮೇಲೆ ಬರೋಣ" ಅನ್ನುತ್ತಾರೆ. ದುಭಾಷಿ ಅದನ್ನು ಅವರ ಭಾಷೆಯಲ್ಲಿ ಹೇಳುತ್ತಾರೆ. ಒಂದು ಕ್ಷಣ ಬಿಟ್ಟು ಇವರು "ಆಯ್ತು" ಅನ್ನುತ್ತಾರೆ. ಆಮೇಲೆ ಯಾರೂ ಅದರ ಸುದ್ದಿಗೇ ಹೋಗುವುದಿಲ್ಲ. ಆದೇಶದಲ್ಲಿ ರಾಜಕೀಯದ ಬಗ್ಗೆ ಪುಟಗಟ್ಟಲೆ ಇದೆ, ಮದುವೆಯ ಬಗ್ಗೆ ಒಂದು ಸಾಲೂ ಇಲ್ಲ. ಆ "ಆಯ್ತು" ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ವಕೀಲರು ಇವತ್ತು ಅದೊಂದನ್ನೇ ಹಿಡಿದು ವಾದ ಮಾಡಿದರು. ಅರ್ಜಿದಾರರು ಮತ್ತೆ ಆ ಮಾತು ಎತ್ತಲಿಲ್ಲ, ಅಂದರೆ ಕೈಬಿಟ್ಟ ಹಾಗೆ ಅಂತ ಸರ್ಕಾರದ ವಕೀಲರು. ಇದು ಯಾವ ನ್ಯಾಯ? ದುಭಾಷಿ ಮೂಲಕ ಮಾತಾಡುವವರು, ತನ್ನ ಹಣೆಬರಹ ಬರೆಯುವವರೇ ಆಮೇಲೆ ಅಂದ ಮೇಲೆ ಮಧ್ಯೆ ಬಾಯಿ ಹಾಕುತ್ತಾರಾ? "ಕೈಬಿಟ್ಟರು ಅಂತ ಆದೇಶದಲ್ಲಿ ಎಲ್ಲಿದೆ?" ಅಂತ ಜಡ್ಜ್ ಕೇಳಿದರು. ಪುಟ ತಿರುವುವ ಸದ್ದು ಇಲ್ಲಿಯ ತನಕ ಕೇಳಿಸಿತು. ಹಾಗೆ ಬರೆದಿಲ್ಲ ಅಂತ ಸರ್ಕಾರದ ವಕೀಲರು ಒಪ್ಪಿಕೊಂಡರು.

"ನಮ್ಮಲ್ಲಿ ಇಂಥದ್ದಕ್ಕೆ ಎಂತ ಕಾನೂನು?" ಅಂತ ದೊಡ್ಡಪ್ಪ ಕೇಳಿದರು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಬೈಲಕುಪ್ಪೆ, ಮುಂಡಗೋಡಿನ ಟಿಬೆಟಿಯನ್ನರಿಗೆ ಜಾಗ ಸಿಕ್ಕಿದ್ದು ಸರ್ಕಾರದ ನೀತಿಯಿಂದ. ಆಶ್ರಯ ಕೇಳುವವರಿಗೆ ಅಂತಲೇ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ. ಇದು ಆಗಬೇಕು ಅಂತ ನನ್ನ ಮನಸ್ಸಿನಲ್ಲಿ ಬಹಳ ಇದೆ.

ಸೋತರೆ ಸಾಮಾನ್ಯವಾಗಿ ಸರ್ಕಾರದ ಖರ್ಚನ್ನೂ ಇವರೇ ಕಟ್ಟಬೇಕಾಗುತ್ತದೆ. ಗೆದ್ದರೆ ಮತ್ತೆ ಟ್ರಿಬ್ಯೂನಲ್ ಮುಂದೆ ಕೂರಬೇಕು. ಆಗ ಸುಮ್ನೆ ಹುಡುಕಾಡುವುದು ಬೇಡ ಅಂತ ಮದುವೆಯ ದಾಖಲೆ, ಬೆದರಿಕೆ ಪತ್ರಗಳನ್ನು ತಾರೀಕಿನ ಪ್ರಕಾರ ಜೋಡಿಸಲು ಶುರು ಮಾಡಿದ್ದೇನೆ. ಎರಡು ಕಾಗದಗಳ ಅನುವಾದ ಇನ್ನೂ ಆಗಿಲ್ಲ. ನಾಳೆ ವಕೀಲರಿಗೆ ಹೇಳಬೇಕು.